ಮದ್ಯತ್ಯಾಗದ ಮೊದಲ ದಿನಗಳಲ್ಲಿ ಭಯ-ವಿಷಾದಗಳು

೧. ವಿಷಯೋಪಕ್ರಮ

ಮದ್ಯಪಾನದ ದೋಷಗಳನ್ನು ಕುರಿತು ನಮ್ಮ ಭಾಷೆಯಲ್ಲಿ ಬರೆದವರು ಹಲವರಿದ್ದಾರೆ. ಕುಡಿತದಿಂದ ಮನೆ ಹಾಳಾದುದನ್ನೂ, ದೇಹ ಸವೆದುದನ್ನೂ, ಬುದ್ಧಿ ಮಂದವಾದುದನ್ನೂ ಅವರು ವಿಸ್ತಾರವಾಗಿ ವರ್ಣಿಸಿದ್ದಾರೆ. ಆದರೆ ಕುಡಿತವನ್ನು ಬಿಟ್ಟವನಿಗೆ ಅನಂತರದ ದಿನಗಳಲ್ಲಿ ಏನಾಗುತ್ತದೆಂಬುದನ್ನು ವಿಚಾರಿಸಿದವರು ವಿರಳ. ಬಿಟ್ಟ ಮರುದಿನದಿಂದಲೇ ಸುಖವೆಂಬ ಭಾವನೆ ಜನಸಾಮಾನ್ಯದಲ್ಲಿ ಬೇರೂರಿದೆ. ವಸ್ತುಸ್ಥಿತಿ ಹಾಗಿಲ್ಲ. ಬಹುಕಾಲ ಕುಡಿದು ಬಿಟ್ಟವನಿಗೆ ಮೊದಲ ವಾರಗಳಲ್ಲಿ ಕಾರಣವಿಲ್ಲದ ಭಯ, ಎದೆಬಡಿತ, ನಿದ್ರಾನಾಶ, ಯಾವುದರಲ್ಲಿಯೂ ರುಚಿಯಿಲ್ಲದಿರುವಿಕೆ, ಅಕಾರಣವಾದ ಅಳು, ಇವುಗಳು ಬಂದು ಕಾಡುತ್ತವೆ. ಆತನಾದರೋ ಇದನ್ನು ತ್ಯಾಗದ ಫಲವೆಂದೇ ಬಗೆದು, "ಬಿಟ್ಟದ್ದೇ ತಪ್ಪಾಯಿತು" ಎಂದು ಮರಳಿ ಪಾತ್ರೆಗೆ ಕೈ ನೀಡುತ್ತಾನೆ. ಮನೆಯವರು ಆತನ ಸಂಕಲ್ಪವೇ ಸುಳ್ಳೆಂದು ನಿರ್ಣಯಿಸುತ್ತಾರೆ. ಈ ಎರಡು ನಿರ್ಣಯಗಳೂ ಅಜ್ಞಾನಮೂಲವಾದುವು. ಎರಡರಿಂದಲೂ ಪ್ರಾಣಹಾನಿಯವರೆಗೆ ಅನರ್ಥವುಂಟು.

ಈ ಭಯ-ವಿಷಾದಗಳು ರೋಗವು ಹೊರಡುವಾಗಿನ ಲಕ್ಷಣಗಳೇ ಹೊರತು ತ್ಯಾಗದ ಫಲವಲ್ಲವೆಂಬುದನ್ನೂ, ಇವುಗಳಿಗೆ ಒಂದು ಕಾಲಮಿತಿಯುಂಟೆಂಬುದನ್ನೂ, ಆ ಅವಧಿಯನ್ನು ದಾಟುವ ಉಪಾಯಗಳನ್ನೂ ನಮ್ಮ ಪ್ರಾಚೀನ ವೈದ್ಯಗ್ರಂಥಗಳ ಮತ್ತು ಆಧುನಿಕ ವೈದ್ಯಶಾಸ್ತ್ರದ ಸಹಾಯದಿಂದ ತಿಳಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಪ್ರಾಚೀನರ ದೃಷ್ಟಿ

ಚರಕಸಂಹಿತೆಯ ಚಿಕಿತ್ಸಾಸ್ಥಾನದ ೨೪ನೆಯ ಅಧ್ಯಾಯವು ಮದಾತ್ಯಯವೆಂಬ ರೋಗಕ್ಕೆ ಮೀಸಲಾಗಿದೆ. ಸುಶ್ರುತನು ಉತ್ತರತಂತ್ರದ ೪೭ನೆಯ ಅಧ್ಯಾಯದಲ್ಲಿ ಇದನ್ನೇ ಪಾನಾತ್ಯಯ, ಪರಮದ, ಪಾನಾಜೀರ್ಣ, ಪಾನವಿಭ್ರಮ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ. ಆದರೆ ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಉಪಕಾರಕವಾದ ಮಾತು ಬೇರೆಡೆ, ಚರಕನ ಸೂತ್ರಸ್ಥಾನದ ೨೫ನೆಯ ಅಧ್ಯಾಯದಲ್ಲಿದೆ. ಅಲ್ಲಿ ಯಾವ ಯಾವ ಕಾರ್ಯಕ್ಕೆ ಯಾವ ಯಾವ ವಸ್ತು ಅಗ್ರಗಣ್ಯವೆಂಬ ಉದ್ದವಾದ ಪಟ್ಟಿಯೊಂದಿದೆ. ಆ ಪಟ್ಟಿಯಲ್ಲಿ ಮನಸ್ಸಿಗೆ ಉಲ್ಲಾಸವನ್ನು ಹುಟ್ಟಿಸುವ ವಸ್ತುಗಳಲ್ಲಿ ಮದ್ಯಕ್ಕೇ ಅಗ್ರಸ್ಥಾನ. ಅದೇ ಪಟ್ಟಿಯಲ್ಲಿ ಧೀ, ಧೃತಿ, ಸ್ಮೃತಿಗಳನ್ನು ಅಪಹರಿಸುವುವುಗಳಲ್ಲಿಯೂ ಮದ್ಯದ ಅತಿಸೇವನೆಗೇ ಅಗ್ರಸ್ಥಾನ. ರೋಗವನ್ನು ಬೆಳೆಸುವುವುಗಳಲ್ಲಿ ವಿಷಾದವೇ ಮೊದಲನೆಯದೆಂದೂ ಅಲ್ಲಿಯೇ ಹೇಳಿದೆ. ಈ ಮೂರು ಮಾತುಗಳನ್ನು ಒಂದೆಡೆ ಇಟ್ಟು ನೋಡಿದರೆ ಮದ್ಯತ್ಯಾಗಿಯ ಕಥೆಯೆಲ್ಲ ಅದರಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ. ಉಲ್ಲಾಸವನ್ನು ಕೊಟ್ಟದ್ದೇ ಧೈರ್ಯವನ್ನು ಒಯ್ದಿದೆ. ಉಲ್ಲಾಸವು ನಿಂತಾಗ ಉಳಿಯುವುದು ವಿಷಾದ. ಆ ವಿಷಾದವು ರೋಗವನ್ನು ಮರಳಿ ಕರೆಯುತ್ತದೆ.

ಇದಕ್ಕೆ ಕಾರಣವನ್ನು ಚಿಕಿತ್ಸಾಸ್ಥಾನದಲ್ಲಿ ಗುಣಗಳ ಮೂಲಕ ವಿವರಿಸಿದೆ. ಮದ್ಯಕ್ಕೆ ಲಘು, ಉಷ್ಣ, ತೀಕ್ಷ್ಣ, ರೂಕ್ಷ ಮೊದಲಾದ ಹತ್ತು ಗುಣಗಳು. ಹೃದಯದಲ್ಲಿರುವ ಓಜಸ್ಸಿಗೆ ಗುರು, ಶೀತ, ಮೃದು, ಸ್ನಿಗ್ಧ ಮೊದಲಾದ ಹತ್ತು ಗುಣಗಳು. ಇವು ಪರಸ್ಪರ ವಿರುದ್ಧ. ಮದ್ಯವು ಹೃದಯವನ್ನು ಹೊಕ್ಕು ತನ್ನ ಹತ್ತರಿಂದ ಓಜಸ್ಸಿನ ಹತ್ತನ್ನೂ ಕ್ಷೋಭೆಗೊಳಿಸುತ್ತದೆ. ಓಜಸ್ಸು ಕುಂದಿದವನ ಲಕ್ಷಣಗಳನ್ನು ಹೇಳುವಾಗ ಶಾಸ್ತ್ರವು ಮೊದಲು ಎಣಿಸುವುದು ಭೀತಿಯನ್ನು. ದೌರ್ಬಲ್ಯ, ಪದೇಪದೇ ಚಿಂತೆ, ಇಂದ್ರಿಯಗಳ ವ್ಯಥೆ ಅನಂತರದವು. ಮದ್ಯವನ್ನು ಬಿಟ್ಟವನು ಸುಮ್ಮನೆ ಕುಳಿತಲ್ಲಿಯೇ ಏಕೆ ಬೆಚ್ಚುತ್ತಾನೆಂಬುದಕ್ಕೆ ಪ್ರಾಚೀನರ ಉತ್ತರ ಇದು.

೩. ಆಧುನಿಕ ವಿವರಣೆ

ಇಂದಿನ ಶರೀರವಿಜ್ಞಾನವು ಇದೇ ಅರ್ಥವನ್ನು ಮಿದುಳಿನ ವ್ಯಾಪಾರದಿಂದ ಸಾಧಿಸುತ್ತದೆ. ಮಿದುಳಿನಲ್ಲಿ ನರಗಳ ವೇಗವನ್ನು ತಗ್ಗಿಸುವ ರಸದ್ರವ್ಯವೊಂದುಂಟು, ಅದರ ಹೆಸರು ಗಾಬಾ. ವೇಗವನ್ನು ಹೆಚ್ಚಿಸುವ ಇನ್ನೊಂದುಂಟು, ಅದು ಗ್ಲೂಟಮೇಟ್. ಇವೆರಡೂ ತಕ್ಕಡಿಯ ಎರಡು ತಟ್ಟೆಗಳಂತೆ ಸಮವಾಗಿದ್ದರೆ ಮನಸ್ಸು ಸ್ವಸ್ಥ. ಮದ್ಯವು ಮೊದಲನೆಯದರ ಕಾರ್ಯವನ್ನು ಹೆಚ್ಚಿಸಿ, ಎರಡನೆಯದರ ಕಾರ್ಯವನ್ನು ಅಡಗಿಸುತ್ತದೆ. ಆದುದರಿಂದಲೇ ಕುಡಿದವನಿಗೆ ಭಯ ಮರೆಯುತ್ತದೆ. ದಿನದಿನವೂ ಹೀಗಾಗುತ್ತ ಬಂದರೆ ಮಿದುಳು ತನ್ನ ಸಮತೂಕವನ್ನು ಕಾಪಾಡಿಕೊಳ್ಳುವುದಕ್ಕಾಗಿ ಎದುರು ತಟ್ಟೆಯಲ್ಲಿ ಭಾರವನ್ನು ಇಡುತ್ತ ಹೋಗುತ್ತದೆ: ತಗ್ಗಿಸುವುದಕ್ಕೆ ಮಂದವಾಗುತ್ತದೆ, ಹೆಚ್ಚಿಸುವುದಕ್ಕೆ ಚುರುಕಾಗುತ್ತದೆ. ಒಂದು ದಿನ ಮದ್ಯವನ್ನು ತೆಗೆದರೆ ಎದುರು ತಟ್ಟೆಯ ಭಾರ ಮಾತ್ರ ಹಾಗೆಯೇ ಉಳಿದು, ತಕ್ಕಡಿಯು ಒಮ್ಮೆಗೇ ಆ ಕಡೆಗೆ ಬೀಳುತ್ತದೆ. ನಡುಕ, ಬೆವರು, ಎದೆಬಡಿತ, ಭಯ, ನಿದ್ರಾನಾಶಗಳು ಆ ಬೀಳುವಿಕೆಯೇ. ಇದರ ಜೊತೆಗೆ, ಸುಖದ ಅನುಭವಕ್ಕೆ ಸಂಬಂಧಪಟ್ಟ ನರಮಾರ್ಗಗಳು ಮದ್ಯದ ಬಲವಾದ ಪ್ರಚೋದನೆಗೆ ಒಗ್ಗಿ, ಸಣ್ಣಪುಟ್ಟ ಸಂತೋಷಗಳಿಗೆ ಕಿವುಡಾಗಿರುತ್ತವೆ. ಊಟ, ಮಾತು, ಸಂಗೀತ, ಮಗುವಿನ ನಗು, ಯಾವುದೂ ಕೆಲಕಾಲ ಮನಸ್ಸನ್ನು ಮುಟ್ಟುವುದಿಲ್ಲ.

ಇದರಿಂದ ಸಿದ್ಧವಾಗುವುದೇನೆಂದರೆ, ತ್ಯಾಗಿಯನ್ನು ಕಾಡುವ ಭಯವು ಆತನ ಸ್ವಭಾವವಲ್ಲ; ಮದ್ಯವು ಆತನ ಒಳಗೆ ಕಟ್ಟಿಸಿದ ಪ್ರತಿಭಾರ. ಭಾರವನ್ನು ಇಟ್ಟ ಮಿದುಳೇ ಅದನ್ನು ಇಳಿಸಲೂ ಬಲ್ಲದು. ಆದರೆ ಇಡುವುದಕ್ಕೆ ವರ್ಷಗಳು ಹಿಡಿದಂತೆ ಇಳಿಸುವುದಕ್ಕೂ ಕೆಲವು ವಾರ, ಕೆಲವು ತಿಂಗಳು ಬೇಕು.

೪. ಮೊದಲ ವಾರದ ಅಪಾಯ

ಮಾನಸಿಕ ಉಪಾಯಗಳನ್ನು ಹೇಳುವುದಕ್ಕೆ ಮುಂಚೆ ಒಂದು ಎಚ್ಚರಿಕೆ ಅವಶ್ಯ. ನಿತ್ಯವೂ ಹೆಚ್ಚಾಗಿ ಕುಡಿಯುತ್ತಿದ್ದವನು ಹಠದಿಂದ ಒಂದೇ ದಿನ ನಿಲ್ಲಿಸುವುದು ಶೂರತನವೆಂದು ತೋರಬಹುದು. ಅದು ಪ್ರಾಣಾಪಾಯಕ್ಕೂ ಕಾರಣವಾಗಬಹುದು. ಕೊನೆಯ ಪಾನವಾದ ೬ರಿಂದ ೨೪ ಗಂಟೆಗಳೊಳಗೆ ನಡುಕ, ಬೆವರು, ಕಳವಳಗಳು ತೊಡಗುತ್ತವೆ. ೬ರಿಂದ ೪೮ ಗಂಟೆಗಳ ನಡುವೆ ಕೆಲವರಿಗೆ ಅಪಸ್ಮಾರದಂತಹ ಸೆಳವು ಬರುವುದುಂಟು. ೪೮ರಿಂದ ೯೬ ಗಂಟೆಗಳ ನಡುವೆ ಕೆಲವರಿಗೆ ಜ್ವರ, ದಿಗ್ಭ್ರಮೆ, ಇಲ್ಲದ ವಸ್ತುಗಳು ಕಾಣುವಿಕೆ ಕೂಡಿದ ಸನ್ನಿಪಾತವು ಉಂಟಾಗುತ್ತದೆ. ಇಂಥವರು ಮನೆಯಲ್ಲಿರತಕ್ಕವರಲ್ಲ, ಆಸ್ಪತ್ರೆಗೆ ಒಯ್ಯತಕ್ಕವರು. ಹಿಂದೆ ಬಿಡುವಾಗ ಸೆಳವು ಬಂದಿದ್ದವರು ಮತ್ತೆ ಬಿಡುವಾಗ ವೈದ್ಯರ ಕಣ್ಣೆದುರಿನಲ್ಲಿಯೇ ಬಿಡಬೇಕು.

ಈ ವಿಷಯದಲ್ಲಿ ಚರಕನ ಒಂದು ಮಾತು ವಿಚಾರಣೀಯವಾಗಿದೆ. ಮದ್ಯವನ್ನು ತಪ್ಪಾಗಿ, ಅತಿಯಾಗಿ ಅಥವಾ ಹೀನವಾಗಿ, ಎಂದರೆ ಕಡಮೆಯಾಗಿ ಕುಡಿದುದರಿಂದ ಹುಟ್ಟಿದ ರೋಗವು ಅದೇ ಮದ್ಯದ ಸಮಪ್ರಮಾಣದಿಂದ ಶಾಂತವಾಗುತ್ತದೆಂಬುದು ಅಲ್ಲಿಯ ಅಭಿಪ್ರಾಯ. ಅತಿಪಾನದಿಂದ ರೋಗವೆಂಬುದು ಸರಿ, ಹೀನಪಾನದಿಂದ ರೋಗವೆಂದರೇನು? ಅಭ್ಯಾಸವಾದವನಿಗೆ ಮದ್ಯವು ಕಡಮೆಯಾದಾಗ ಹುಟ್ಟುವ ಈಗಿನ ವ್ಯಾಧಿಯನ್ನೇ ಆಚಾರ್ಯರು ಕಂಡಿದ್ದರೆಂದು ನಾನು ಗ್ರಹಿಸುತ್ತೇನೆ. ಆದರೆ ಇದನ್ನು ಓದಿ ಯಾರೂ ಮದ್ಯದಿಂದಲೇ ಮದ್ಯವನ್ನು ಶಮನಮಾಡಲು ಹೊರಡಬಾರದು. ಇಂದಿನ ವೈದ್ಯರು ಮಿದುಳಿನ ಅದೇ ಸ್ಥಾನದಲ್ಲಿ ವರ್ತಿಸುವ ಬೆಂಜೋಡಯಜೆಪೀನ್ ಎಂಬ ವರ್ಗದ ಔಷಧಗಳನ್ನು ಕೊಟ್ಟು, ದಿನದಿನಕ್ಕೆ ಪ್ರಮಾಣವನ್ನು ಇಳಿಸುತ್ತ ಕೆಲವು ದಿನಗಳಲ್ಲಿ ನಿಲ್ಲಿಸುತ್ತಾರೆ. ಅಹಿತವಾದ ಅಭ್ಯಾಸವನ್ನು ಪಾದಪಾದವಾಗಿ, ನಡುನಡುವೆ ದಿನಗಳ ಅಂತರವಿಟ್ಟು ಬಿಡಬೇಕೆಂದು ಸೂತ್ರಸ್ಥಾನದ ೭ನೆಯ ಅಧ್ಯಾಯವು ವಿಧಿಸುವ ಪಾದಾಂಶಿಕಕ್ರಮವು ಇಂದು ಈ ಗುಳಿಗೆಗಳ ಇಳಿಜಾರಿನಲ್ಲಿ ನಿರಪಾಯವಾಗಿ ನೆರವೇರುತ್ತಿದೆ ಎನ್ನಬಹುದು. ಆ ಗುಳಿಗೆಗಳಿಗೂ ಅಂಟಿಕೊಳ್ಳುವ ಸ್ವಭಾವವಿರುವುದರಿಂದ ವೈದ್ಯರು ಹೇಳಿದ ದಿನವೇ ಅವು ನಿಲ್ಲಬೇಕು.

ಮದ್ಯಪಾಯಿಗಳಲ್ಲಿ ಬಿ-೧ ಜೀವಸತ್ತ್ವವು, ಎಂದರೆ ಥಯಾಮಿನ್, ಬಹಳವಾಗಿ ಕುಂದಿರುತ್ತದೆ. ಇದರ ಅಭಾವದಿಂದ ಕಣ್ಣುಗುಡ್ಡೆಗಳ ಅಸ್ಥಿರತೆ, ತೂರಾಡುವ ನಡಿಗೆ, ದಿಗ್ಭ್ರಮೆಗಳು ಉಂಟಾಗಿ ಸ್ಮರಣಶಕ್ತಿಯು ಶಾಶ್ವತವಾಗಿ ನಷ್ಟವಾಗಬಹುದು. ವೈದ್ಯರು ಮೊದಲ ದಿನದಿಂದಲೇ ಇದನ್ನು ಕೊಡುವುದು ಆ ಕಾರಣದಿಂದ.

೫. ಎರಡನೆಯ ವಾರದಿಂದ ಮುಂದೆ

ದೇಹದ ಕಂಪನಾದಿಗಳು ಸಾಮಾನ್ಯವಾಗಿ ಒಂದು ವಾರದಲ್ಲಿ ಶಾಂತವಾಗುತ್ತವೆ. ಇನ್ನು ಎಲ್ಲ ಮುಗಿಯಿತೆಂದು ಮನೆಯವರು ನಿಶ್ಚಿಂತರಾಗುವ ಹೊತ್ತಿಗೆ ಮನಸ್ಸಿನ ಕಷ್ಟವು ಮುಂದೆ ಬರುತ್ತದೆ. ನಮ್ಮ ಪರಿಚಯದ ಗೃಹಸ್ಥರೊಬ್ಬರು, ಬಿಟ್ಟು ಇಪ್ಪತ್ತು ದಿನಗಳಾಗಿದ್ದಾಗ, "ಪಂಡಿತರೇ, ಕುಡಿಯುತ್ತಿದ್ದಾಗ ಸಂಜೆಯೊಂದಾದರೂ ನನ್ನದಾಗಿತ್ತು, ಈಗ ಅದೂ ಹೋಯಿತು" ಎಂದರು. ಸಾಲಗಾರರ ಹೆಸರುಗಳು, ಮಗಳ ಮದುವೆಯಲ್ಲಿ ತಾವಾಡಿದ ಮಾತು, ಹೆಂಡತಿಯ ಮೌನ, ಇವೆಲ್ಲ ರಾತ್ರಿ ಎರಡು ಗಂಟೆಗೆ ಒಂದೊಂದಾಗಿ ಎದುರು ನಿಲ್ಲುತ್ತಿದ್ದುವಂತೆ.

ಇಲ್ಲಿ ಚರಕನ ಧೀ-ಧೃತಿ-ಸ್ಮೃತಿಗಳ ವಿಭಾಗವು ತುಂಬ ಉಪಯುಕ್ತವಾಗಿದೆ. ಮದ್ಯವು ಈ ಮೂರನ್ನೂ ಒಟ್ಟಿಗೆ ಅಪಹರಿಸಿತು. ಆದರೆ ಅವು ಒಟ್ಟಿಗೆ ಮರಳುವುದಿಲ್ಲ. ನಾನು ಕಂಡಮಟ್ಟಿಗೆ ಸ್ಮೃತಿಯು ಮೊದಲು ಬರುತ್ತದೆ, ಧೃತಿಯು ಎಲ್ಲಕ್ಕಿಂತ ಕಡೆಗೆ. ನೆನಪು ಬಂದಿದೆ, ನೆನಪನ್ನು ತಾಳಿಕೊಳ್ಳುವ ಶಕ್ತಿ ಇನ್ನೂ ಬಂದಿಲ್ಲ. ಈ ನಡುಗಾಲವೇ ಮದ್ಯತ್ಯಾಗಿಯ ಕಷ್ಟಕಾಲ. ಆತನ ದುಃಖವು ಹಿಂದಕ್ಕೆ ಹೋಗುವುದರ ಸೂಚನೆಯಲ್ಲ. ಒಯ್ದುದರಲ್ಲಿ ಒಂದು ಭಾಗ ಮರಳಿದುದರ ಸೂಚನೆ. ಆದಕಾರಣ ಆತನ ಧೃತಿಯು ಬರುವವರೆಗೆ ಸುತ್ತಲಿನವರು ತಮ್ಮ ಧೃತಿಯನ್ನು ಕಡವಾಗಿ ಕೊಡಬೇಕು.

ಈ ಕಾಲಕ್ಕೆ ಮಿತಿಯುಂಟೆಂಬುದಕ್ಕೆ ಪರೀಕ್ಷಿತವಾದ ಆಧಾರವಿದೆ. ೧೯೮೮ರಲ್ಲಿ ಅಮೆರಿಕದ ಬ್ರೌನ್ ಮತ್ತು ಶುಕಿಟ್ ಎಂಬ ಸಂಶೋಧಕರು ಮದ್ಯವ್ಯಸನದ ಚಿಕಿತ್ಸೆಗೆ ಸೇರಿದ ೧೯೧ ಪುರುಷರನ್ನು ಪರೀಕ್ಷಿಸಿದರು. ಪ್ರಾರಂಭದಲ್ಲಿ ಅವರಲ್ಲಿ ಶೇಕಡಾ ೪೨ ಮಂದಿಗೆ ತೀವ್ರವಾದ ಖಿನ್ನತೆಯಿದ್ದಿತು. ನಾಲ್ಕು ವಾರಗಳ ತ್ಯಾಗದ ತರುವಾಯ ಅದು ಉಳಿದದ್ದು ಶೇಕಡಾ ೬ ಮಂದಿಗೆ ಮಾತ್ರ. ಎಂದರೆ, ಮೊದಲ ವಾರದಲ್ಲಿ ಶಾಶ್ವತವೆಂದು ತೋರಿದ ವಿಷಾದವು ಬಹುಮಂದಿಗೆ ಒಂದು ತಿಂಗಳೊಳಗೆ ತಾನಾಗಿಯೇ ಇಳಿಯಿತು. ನಿದ್ರೆಯ ಕೊರತೆ, ಸಿಡುಕು, ಆಗಾಗ ಏಳುವ ಕಳವಳಗಳು ಮಾತ್ರ ಕೆಲವರಿಗೆ ಇನ್ನೂ ಕೆಲವು ತಿಂಗಳು ಇರುವುದುಂಟು. ಆದರೆ ಅವು ಎಡೆಬಿಡದೆ ಇರುವುದಿಲ್ಲ, ಬಂದು ಹೋಗುತ್ತವೆ, ಬರುವ ಅಂತರವು ಹೆಚ್ಚುತ್ತ ಹೋಗುತ್ತದೆ.

೬. ಉಪಾಯಗಳು

ಮೊದಲನೆಯದು ಆಹಾರ. ಮದಾತ್ಯಯದಿಂದ ಕೃಶನಾದವನಿಗೆ ಮದ್ಯವನ್ನು ನಿಲ್ಲಿಸಿ ಹಾಲನ್ನು ಕೊಡಬೇಕೆಂದು ಚರಕನ ವಿಧಿ. ಹಾಲಿನ ಗುಣಗಳು ಓಜಸ್ಸಿಗೆ ಸಮಾನ, ಮದ್ಯಕ್ಕೆ ವಿರುದ್ಧ ಎಂಬುದು ಯುಕ್ತಿ. ಇದರ ತಾತ್ಪರ್ಯವು ಇಂದಿಗೂ ಗ್ರಾಹ್ಯ. ಹಸಿವು, ಬಾಯಾರಿಕೆಗಳು ತ್ಯಾಗಿಗೆ ಎಷ್ಟೋ ಸಲ ಮದ್ಯದ ಆಸೆಯ ವೇಷದಲ್ಲಿ ಬರುತ್ತವೆ. ಹೊತ್ತುಹೊತ್ತಿಗೆ ಊಟ, ಹಾಲು-ಮಜ್ಜಿಗೆ, ಬೇಳೆಕಾಳು, ಸೊಪ್ಪು ಇವುಗಳಿಂದ ಸಂಜೆಯ ಕಳವಳವು ಅರ್ಧ ಕಡಮೆಯಾಗುವುದನ್ನು ಆತನೇ ಕಾಣುವನು. ಮಧ್ಯಾಹ್ನವಾದಮೇಲೆ ಕಾಫಿಯನ್ನು ಬಿಡುವುದು ಒಳ್ಳೆಯದು. ಎದೆಬಡಿತವನ್ನೂ ನಿದ್ರಾಭಂಗವನ್ನೂ ಅದು ಹೆಚ್ಚಿಸುತ್ತದೆ.

ನಮ್ಮ ವೈದ್ಯಕ್ಕೆ ಸಂಬಂಧಪಟ್ಟ ಒಂದು ಮುಖ್ಯ ವಿಷಯವನ್ನು ಇಲ್ಲಿ ಹೇಳದಿರಲಾಗದು. ನಿದ್ರೆಗೆಂದೂ ಬಲಕ್ಕೆಂದೂ ಅಶ್ವಗಂಧಾರಿಷ್ಟ, ದ್ರಾಕ್ಷಾರಿಷ್ಟ ಮೊದಲಾದುವನ್ನು ಜನರು ತಾವೇ ಕೊಂಡು ಸೇವಿಸುತ್ತಾರೆ. ಆಸವಾರಿಷ್ಟಗಳು ಹುದುಗಿನಿಂದ ಸಿದ್ಧವಾಗುವುವು. ಅವುಗಳಲ್ಲಿ ಸಾಮಾನ್ಯವಾಗಿ ಶೇಕಡಾ ೫ರಿಂದ ೧೦ರವರೆಗೆ ಮದ್ಯಾಂಶವು ತಾನಾಗಿ ಹುಟ್ಟಿರುತ್ತದೆ. ಇತರರಿಗೆ ಔಷಧವಾದ ಇವು ಮದ್ಯತ್ಯಾಗಿಗೆ ವರ್ಜ್ಯ. ಮದ್ಯಕ್ಕೆ ಅಸಹ್ಯವನ್ನುಂಟುಮಾಡುವ ಡೈಸಲ್ಫಿರಾಮ್ ಗುಳಿಗೆಯನ್ನು ತೆಗೆದುಕೊಳ್ಳುತ್ತಿರುವವನು ಅರಿಷ್ಟವನ್ನು ಕುಡಿದರೆ ಮುಖ ಕೆಂಪೇರಿ, ವಾಂತಿ, ಎದೆಬಡಿತ, ರಕ್ತದೊತ್ತಡದ ಇಳಿತಗಳುಂಟಾಗಿ ಅಪಾಯವಾದೀತು. ವೈದ್ಯನು ಆಯುರ್ವೇದದವನಾಗಲಿ ಅಲೋಪತಿಯವನಾಗಲಿ, ಆತನಿಗೆ ತನ್ನ ಹಿಂದಿನ ಅಭ್ಯಾಸವನ್ನು ಮರೆಮಾಚದೆ ತಿಳಿಸಬೇಕು. ಚೂರ್ಣ, ಕಷಾಯ, ಲೇಹ್ಯಗಳೆಂಬ ಬೇರೆ ರೂಪಗಳು ನಮ್ಮ ಶಾಸ್ತ್ರದಲ್ಲಿ ಯಥೇಷ್ಟವಾಗಿವೆ.

ಎರಡನೆಯದು ನಿದ್ರೆ. ಮದ್ಯವು ನಿದ್ರೆಯನ್ನು ಬೇಗ ಬರಿಸಿದರೂ ರಾತ್ರಿಯ ಉತ್ತರಾರ್ಧದಲ್ಲಿ ಅದನ್ನು ಕೆಡಿಸುತ್ತಿದ್ದಿತು. ಬಿಟ್ಟಮೇಲೆ ನಿಜವಾದ ನಿದ್ರೆ ಕೂಡಿಕೊಳ್ಳುವುದು ತಡ. ನಡುವೆ ಕುಡಿದಂತೆಯೇ ಕನಸುಗಳು ಬೀಳುವುದೂ ಉಂಟು. ಕನಸಿನಲ್ಲಿ ಕುಡಿದವನು ಯಾವ ದೋಷಕ್ಕೂ ಗುರಿಯಲ್ಲ. ಏಳುವ ಹೊತ್ತನ್ನು ನಿಯತವಾಗಿಟ್ಟುಕೊಳ್ಳುವುದು, ಹಗಲು ಮಲಗದಿರುವುದು, ಬೆಳಗಿನ ಬಿಸಿಲಿನಲ್ಲಿ ನಡೆಯುವುದು, ನಿದ್ರೆ ಬಾರದಿದ್ದರೆ ಹೊರಳಾಡದೆ ಎದ್ದು ಕುಳಿತು ಏನಾದರೂ ಓದುವುದು, ಇವು ಸರಳವಾದರೂ ಪ್ರಯೋಜನಕರ.

ಮೂರನೆಯದನ್ನು ಚರಕನು ಹರ್ಷಣೀ ಕ್ರಿಯೆ ಎಂದು ಕರೆಯುತ್ತಾನೆ. ಮನಸ್ಸು ಕದಡದೆ ಮದಾತ್ಯಯವಿಲ್ಲ, ಆದುದರಿಂದ ಮನಸ್ಸಿಗೆ ಹರ್ಷವನ್ನುಂಟುಮಾಡುವುದೇ ಚಿಕಿತ್ಸೆಯೆಂದು ಹೇಳಿ, ರಮ್ಯವಾದ ವನಗಳು, ತಾವರೆಗೊಳಗಳು, ಒಳ್ಳೆಯ ಅನ್ನಪಾನ, ಸ್ನೇಹಿತರು, ಗೀತವಾದ್ಯ ಇವುಗಳನ್ನು ಆತನು ಎಣಿಸುತ್ತಾನೆ. ಇದನ್ನು ವಿಲಾಸದ ಪಟ್ಟಿಯೆಂದು ಓದಬಾರದು; ಸಣ್ಣ ಸಂತೋಷಗಳಿಗೆ ಕಿವುಡಾದ ಮನಸ್ಸಿಗೆ ಮರಳಿ ಕೇಳಿಸುವ ಅಭ್ಯಾಸವೆಂದು ಓದಬೇಕು. ಪ್ರಾರಂಭದಲ್ಲಿ ಕೆರೆಯ ಏರಿಯ ಮೇಲಿನ ನಡಿಗೆಯಾಗಲಿ ಭಜನೆಯಾಗಲಿ ರುಚಿಸಲಾರದು. ರುಚಿಸಿದಮೇಲೆ ಮಾಡುವೆನೆಂದರೆ ರುಚಿಯೇ ಹುಟ್ಟದು. ಮಾಡುತ್ತ ಹೋದರೆ ರುಚಿ ಹಿಂದಿನಿಂದ ಬರುತ್ತದೆ. ವಿಶೇಷವಾಗಿ, ಹಿಂದೆ ಕುಡಿಯುತ್ತಿದ್ದ ಹೊತ್ತಿಗೆ ಬೇರೊಂದು ಕೆಲಸವನ್ನು ಮೊದಲೇ ನಿಯಮಿಸಿಡಬೇಕು: ತೋಟಕ್ಕೆ ನೀರು, ಮಕ್ಕಳ ಪಾಠ, ದೇವಸ್ಥಾನದ ಪಾರುಪತ್ಯ, ಏನಾದರೂ ಸರಿ. ಬರಿದಾದ ಸಂಜೆಯೇ ಶತ್ರು.

ನಾಲ್ಕನೆಯದು ಸತ್ತ್ವಾವಜಯ. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಡಿದು ನಿಲ್ಲಿಸುವುದು ಇದರ ಲಕ್ಷಣವೆಂದು ಸೂತ್ರಸ್ಥಾನದ ೧೧ನೆಯ ಅಧ್ಯಾಯದಲ್ಲಿದೆ. ಕುಡಿಯಬೇಕೆಂಬ ಆಸೆಯು ಅಲೆಯಂತೆ ಏಳುತ್ತದೆ, ತುದಿಗೇರುತ್ತದೆ, ಕೆಲವು ನಿಮಿಷಗಳಿಂದ ಅರ್ಧ ಗಂಟೆಯೊಳಗೆ ಸಾಮಾನ್ಯವಾಗಿ ಇಳಿಯುತ್ತದೆ. ಅದರೊಡನೆ ವಾದಮಾಡಬೇಕಾಗಿಲ್ಲ. ಉಸಿರನ್ನು ನಿಧಾನವಾಗಿ ಒಳಗೆಳೆದು, ಅದಕ್ಕಿಂತ ನಿಧಾನವಾಗಿ ಹೊರಬಿಡುತ್ತ, "ಇದು ಏರುತ್ತಿದೆ, ಇದು ಇಳಿಯುವುದು" ಎಂದು ಸಾಕ್ಷಿಯಾಗಿ ನೋಡುತ್ತಿದ್ದರೆ ಸಾಕು. ಜನ್ಮವೆಲ್ಲ ಕುಡಿಯದೆ ಹೇಗಿರಲೆಂಬ ಚಿಂತೆಯನ್ನು ಬಿಟ್ಟು ಇಂದಿನ ರಾತ್ರಿಯನ್ನು ಮಾತ್ರ ದಾಟಲಿ. ಸಾಲದ ಚಿಂತೆಯಾದರೆ ಅದನ್ನು ಕಾಗದದ ಮೇಲೆ ಬರೆದು ಹಗಲಿಗೆ ಒಪ್ಪಿಸಲಿ.

ಐದನೆಯದು ತದ್ವಿದ್ಯಸೇವೆ, ಎಂದರೆ ಆ ವಿಷಯವನ್ನು ಬಲ್ಲವರ ಸಂಗ. ಮಾನಸರೋಗಗಳಿಗೆ ಚರಕನು ವಿಧಿಸಿದ ಉಪಾಯಗಳಲ್ಲಿ ಇದೂ ಒಂದು. ಮದ್ಯವನ್ನು ಬಿಡುವ ವಿದ್ಯೆಯನ್ನು ಬಿಟ್ಟವನಿಗಿಂತ ಚೆನ್ನಾಗಿ ಬಲ್ಲವನಾರು? ೧೯೩೫ರಲ್ಲಿ ಅಮೆರಿಕದ ಏಕ್ರನ್ ಎಂಬ ಊರಿನಲ್ಲಿ ವ್ಯಸನಿಗಳಿಬ್ಬರ ಮಾತುಕತೆಯಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘವು ಈ ತತ್ತ್ವದ ಮೇಲೆಯೇ ನಿಂತಿದೆ. ಅದರ ಸಭೆಗಳು ನಮ್ಮ ನಾಡಿನಲ್ಲಿಯೂ ನಡೆಯುತ್ತವೆ. ಕರ್ನಾಟಕದಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳೂ, ಶಿಬಿರ ಮುಗಿಸಿದವರು ಕೂಡಿಕೊಳ್ಳುವ ನವಜೀವನ ಸಮಿತಿಗಳೂ ಹಳ್ಳಿಗಳಲ್ಲಿ ಪರಿಚಿತವಾಗಿವೆ. ಧೃತಿಯನ್ನು ಕಡವಾಗಿ ಪಡೆಯುವ ಸ್ಥಾನಗಳು ಇವು.

೭. ಜಾರಿದವನ ವಿಷಯ

ಬಿಟ್ಟವನು ನಡುವೆ ಒಮ್ಮೆ ಜಾರುವುದು ಅಪೂರ್ವವಲ್ಲ. ಮದ್ಯವನ್ನು ಬಿಟ್ಟಿದ್ದವನು ಒಮ್ಮೆಗೇ ಅತಿಯಾಗಿ ಕುಡಿದರೆ ಧ್ವಂಸಕ, ವಿಕ್ಷಯ ಎಂಬ ಎರಡು ರೋಗಗಳು ಹುಟ್ಟುತ್ತವೆಂದೂ ಅವು ದುಶ್ಚಿಕಿತ್ಸ್ಯವೆಂದೂ ಚರಕನು ಪ್ರತ್ಯೇಕವಾಗಿ ಹೇಳಿದ್ದಾನೆ. ಧ್ವಂಸಕದ ಲಕ್ಷಣಗಳಲ್ಲಿ ಶಬ್ದವನ್ನು ಸಹಿಸಲಾಗದಿರುವುದೂ ಒಂದು. ಮತ್ತೆ ಮತ್ತೆ ಬಿಟ್ಟು ಹಿಡಿದವರಲ್ಲಿ ಬಿಡುವಾಗಿನ ಉಪದ್ರವಗಳು ಸಲದಿಂದ ಸಲಕ್ಕೆ ಉಗ್ರವಾಗಬಹುದೆಂಬ ಆಧುನಿಕರ ಮತವು ಇದಕ್ಕೆ ಹೊಂದುತ್ತದೆ. ಆದುದರಿಂದ ಜಾರುವಿಕೆಯನ್ನು ಹಗುರವಾಗಿ ಎಣಿಸಬಾರದು.

ಆದರೆ ಒಂದು ಬಟ್ಟಲಿಗೂ ಪೂರ್ಣಪತನಕ್ಕೂ ನಡುವೆ ಸೇತುವೆಯಾಗುವುದು ಬಹಳ ಸಲ ಲಜ್ಜೆ. "ಹೇಗಿದ್ದರೂ ಕೆಟ್ಟೆ, ಇನ್ನೇನು" ಎಂಬ ಭಾವನೆಯೇ ಎರಡನೆಯ ಬಟ್ಟಲನ್ನು ತುಂಬಿಸುತ್ತದೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಲಟ್ ೧೯೮೫ರಲ್ಲಿ ಗಾರ್ಡನ್ನರೊಡನೆ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಪಾದಿಸಿದ್ದಾರೆ. ವಿಷಾದವು ರೋಗವರ್ಧಕಗಳಲ್ಲಿ ಅಗ್ರಗಣ್ಯವೆಂಬ ಮಾತಿಗೆ ಇದಕ್ಕಿಂತ ಉತ್ತಮವಾದ ಭಾಷ್ಯವು ದೊರೆಯಲಾರದು. ಜಾರಿದವನಿಗೆ ಮನೆಯವರು ಹೇಳತಕ್ಕದ್ದು ಇಷ್ಟೇ: ಕಳೆದ ಮೂವತ್ತು ದಿನಗಳು ಎಲ್ಲಿಯೂ ಹೋಗಿಲ್ಲ, ನಾಳೆ ವೈದ್ಯರಲ್ಲಿಗೆ ಹೋಗೋಣ.

೮. ವಿಷಾದವು ಉಳಿದಾಗ

ನಾಲ್ಕು ವಾರಗಳು ಕಳೆದರೂ ಮನಸ್ಸಿನ ಕತ್ತಲೆ ತಿಳಿಯಾಗದಿದ್ದರೆ, ಅಥವಾ ಮದ್ಯಕ್ಕೆ ಮೊದಲೇ ಭಯ-ಖಿನ್ನತೆಗಳು ಇದ್ದಿದ್ದರೆ, ಅದು ಸ್ವತಂತ್ರವಾದ ರೋಗವಾಗಿರಬಹುದು. ಅದಕ್ಕೆ ಬೇರೆ ಚಿಕಿತ್ಸೆಯುಂಟು. ಮದ್ಯದ ಆಸೆಯನ್ನು ತಗ್ಗಿಸುವ ನ್ಯಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್ ಎಂಬ ಔಷಧಗಳೂ ಉಂಟು. ಇವೆಲ್ಲ ವೈದ್ಯರ ನಿರ್ಣಯಕ್ಕೆ ಬಿಟ್ಟವು. ಪ್ರಾಣತ್ಯಾಗದ ಆಲೋಚನೆ ಬಂದಾಗಲಂತೂ ನಾಲ್ಕು ವಾರವೂ ಕಾಯಬಾರದು, ನಾಲ್ಕು ಗಂಟೆಯೂ ಕಾಯಬಾರದು. ೨೦೨೨ರ ಅಕ್ಟೋಬರಿನಲ್ಲಿ ಭಾರತ ಸರ್ಕಾರವು ಪ್ರಾರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯು ೧೪೪೧೬ ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಕನ್ನಡದಲ್ಲಿ ಉತ್ತರ ಕೊಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಇಲ್ಲಿಗೆ ಹೋಗುವುದರಲ್ಲಿ ಮಾನಹಾನಿಯೇನೂ ಇಲ್ಲ. ಮದಾತ್ಯಯವನ್ನು ಜ್ವರ, ಅತಿಸಾರಗಳ ಪಂಕ್ತಿಯಲ್ಲಿಯೇ ಕುಳ್ಳಿರಿಸಿ ನಮ್ಮ ಆಚಾರ್ಯರು ಅದನ್ನು ಪಾಪವೆನ್ನದೆ ರೋಗವೆಂದೇ ವಿಚಾರಿಸಿದ್ದಾರೆ.

೯. ಉಪಸಂಹಾರ

ಎಲ್ಲ ಮದ್ಯಗಳಿಂದಲೂ ನಿವೃತ್ತನಾದ ಜಿತೇಂದ್ರಿಯನನ್ನು ಶರೀರದ ಮತ್ತು ಮನಸ್ಸಿನ ವಿಕಾರಗಳು ಮುಟ್ಟುವುದಿಲ್ಲವೆಂಬ ಅಭಿಪ್ರಾಯವನ್ನು ಚರಕನು ಮದಾತ್ಯಯಾಧ್ಯಾಯದ ಕಡೆಯಲ್ಲಿ ಇಟ್ಟಿದ್ದಾನೆ. ಇದನ್ನು ಬಿಟ್ಟ ಮೊದಲ ದಿನಕ್ಕೆ ಅನ್ವಯಿಸಿದವನು ನಿರಾಶನಾಗುವನು. ದೋಷಗಳು ಕ್ರಮದಿಂದ ಕಳೆಯುತ್ತವೆ, ಗುಣಗಳು ಕ್ರಮದಿಂದ ಕೂಡುತ್ತವೆ ಎಂದು ಅದೇ ಶಾಸ್ತ್ರವು ಹೇಳುವುದನ್ನು ಇದರೊಡನೆ ಸೇರಿಸಿ ಓದಬೇಕು. ಭಯವು ಬಂದ ರಾತ್ರಿ, ಅದು ಪ್ರತಿಭಾರವೊಂದು ಇಳಿಯುತ್ತಿರುವ ಸದ್ದೆಂದು ತ್ಯಾಗಿಯು ತಿಳಿಯಲಿ; ಪಕ್ಕದಲ್ಲಿ ಎಚ್ಚರವಾಗಿರುವವರೂ ತಿಳಿಯಲಿ. ತಿಳಿದವರಿಬ್ಬರು ಮನೆಯಲ್ಲಿದ್ದರೆ ಆ ರಾತ್ರಿಯು ದಾಟಲಾಗದಷ್ಟು ದೊಡ್ಡದಲ್ಲ.